ಬೆರಳಿನ ಚಾಪಲ್ಯವೂ ಅಂಗಳದ ರೇಖೆಯೂ

ಉಗುರು ಕಚ್ಚುವವನು ಬೇಗ ನಾಶ ಹೊಂದುವನೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಹೇಳಿದೆ. ಮಣ್ಣಿನ ಹೆಂಟೆಯನ್ನು ಕೈಯಲ್ಲಿ ಪುಡಿಮಾಡುವವನನ್ನೂ ಹುಲ್ಲನ್ನು ಕಿತ್ತು ತುಂಡರಿಸುವವನನ್ನೂ ಅದೇ ಶ್ಲೋಕವು ಅವನ ಪಂಕ್ತಿಯಲ್ಲಿಯೇ ಕೂರಿಸಿದೆ. ಚರಕಸಂಹಿತೆಯ ಸೂತ್ರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸದ್ವೃತ್ತವನ್ನು ವಿವರಿಸುವಾಗಲೂ ಇಂಥವೇ ನಿಷೇಧಗಳು ಬರುತ್ತವೆ: ನೆಲವನ್ನು ಗೀರಬಾರದು, ಹುಲ್ಲು ಮುರಿಯಬಾರದು, ಹೆಂಟೆ ಹಿಸುಕಬಾರದು. ಧರ್ಮಶಾಸ್ತ್ರಕಾರನಿಗೂ ವೈದ್ಯನಿಗೂ ಕೆಲಸವಿಲ್ಲದ ಕೈಯ ಮೇಲೆ ಕಣ್ಣಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಇಬ್ಬರೂ ಹೇಳಿದ್ದು 'ಬೇಡ' ಎಂದಷ್ಟೆ. ಬೇಡವೆಂದ ಮೇಲೂ ಕೈ ಕೇಳದಿದ್ದರೆ ಮಾಡಬೇಕಾದುದೇನು ಎಂಬುದನ್ನು ಆ ವಾಕ್ಯಗಳು ಹೇಳುವುದಿಲ್ಲ.

ಇಲ್ಲೊಂದು ಸ್ವಾರಸ್ಯವುಂಟು. ನೆಲವನ್ನು ಗೀರಬಾರದೆಂಬ ನಿಷೇಧವಿರುವ ಇದೇ ನಾಡಿನಲ್ಲಿ, ನಸುಕಿನಲ್ಲೆದ್ದು ಬಾಗಿಲು ಸಾರಿಸಿ ಬೆರಳಿನಿಂದ ನೆಲದ ಮೇಲೆ ಗೆರೆ ಎಳೆಯುವುದು ಮಂಗಳಕರವೆಂದು ಗೃಹಿಣಿಯರು ನಂಬಿ ನಡೆದುಕೊಂಡು ಬಂದಿದ್ದಾರೆ. ಕಾವ್ಯಗಳ ನಾಯಿಕೆಯು ಲಜ್ಜೆಯಿಂದಲೋ ಚಿಂತೆಯಿಂದಲೋ ಕಾಲ್ಬೆರಳಿನಿಂದ ನೆಲ ಗೀರುವಳು. ಅಲ್ಲಿ ಗೀರು ಮನಸ್ಸಿನ ಕಳವಳದ ಕುರುಹು, ಗೀರುವವಳಿಗೇ ಅದರ ಅರಿವಿಲ್ಲ. ಹೊಸ್ತಿಲ ಮುಂದಿನ ಗೆರೆಯಾದರೋ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯಬೇಕೆಂಬುದು ಎಳೆಯುವವಳಿಗೆ ಮೊದಲೇ ಗೊತ್ತು. ನೆಲ ಒಂದೇ, ಬೆರಳೂ ಒಂದೇ. ಇವೆರಡರ ನಡುವಣ ಭೇದವನ್ನು ನಮ್ಮ ಭಾಷೆಯ ಒಂದು ಹಳೆಯ ಮಾತಿನಿಂದ ಸೂಚಿಸಬಹುದು: ಅವಧಾನ.

ಅವಧಾನಪೂರ್ವಕವಾಗಿ ಚಿತ್ರ ಬರೆಯುವುದನ್ನು ಕೂದಲು ಕೀಳುವುದು, ಉಗುರು ಕಚ್ಚುವುದು, ಚರ್ಮ ಚಿವುಟುವುದು ಮೊದಲಾದ ಚಾಪಲ್ಯಗಳ ನಿಯಂತ್ರಣಕ್ಕೆ ಸಹಾಯಕವಾಗಿ ಬಳಸಿಕೊಳ್ಳುವ ಮಾತು ಈಗ ಪಾಶ್ಚಾತ್ಯ ದೇಶಗಳಲ್ಲಿ ಕೇಳಿಬರುತ್ತಿದೆ. ಅದರ ಹಿಂದಿರುವ ಇತಿಹಾಸವನ್ನು ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಈ ಸೀಮೆಯನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಪುಡಿಯಿಂದ ಚಿತ್ರ ಬರೆಯುವ ಎರಡು ಸಂಪ್ರದಾಯಗಳು, ಒಂದು ಮನೆಯ ಬಾಗಿಲಿನದು, ಮತ್ತೊಂದು ಹಿಮಾಲಯದಾಚೆಯಿಂದ ಬಂದ ವಿಹಾರದ್ದು, ಇಲ್ಲಿ ಕೆಲವೇ ಮೈಲಿಗಳ ಅಂತರದಲ್ಲಿ ನೆಲೆಗೊಂಡಿವೆ.

ಮೊದಲು ವ್ಯಾಧಿಯ ವಿಚಾರ. ದುಃಖಮೂಲವಾದ ಜ್ವರದಿಂದ ಮಲಗಿದ್ದ ಥಾಸೋಸ್ ದ್ವೀಪದ ಸ್ತ್ರೀಯೊಬ್ಬಳು ಮಾತಿಲ್ಲದೆ ತಡಕಾಡುತ್ತ, ಕೆರೆಯುತ್ತ, ಕೂದಲು ಕೀಳುತ್ತ ಇದ್ದಳೆಂಬುದಾಗಿ ಹಿಪ್ಪೊಕ್ರಟೀಸನ ಹೆಸರಿನ 'ಎಪಿಡೆಮಿಕ್ಸ್' ಗ್ರಂಥದಲ್ಲಿದೆ. ಆದರೆ ಅದು ಜ್ವರದ ಲಕ್ಷಣವಾಗಿ ಬರೆದದ್ದು. ಕೂದಲು ಕೀಳುವುದನ್ನೇ ಬೇರೆಯಾದ ಒಂದು ಬಾಧೆಯೆಂದು ಎಣಿಸಿ ಅದಕ್ಕೆ 'ಟ್ರೈಕೊಟಿಲೊಮೇನಿಯ' ಎಂಬ ಹೆಸರಿಟ್ಟವನು ಪ್ಯಾರಿಸಿನ ಚರ್ಮವೈದ್ಯ ಹಲ್ಲೊಪೊ, ಕಾಲ 1889. ಕೂದಲು, ಕೀಳುವಿಕೆ, ಹುಚ್ಚು ಎಂಬರ್ಥದ ಮೂರು ಗ್ರೀಕ್ ಪದಗಳ ಜೋಡಣೆಯಿದು. ಕೊನೆಯ ಪದವನ್ನು ಅವನು ಸೇರಿಸದಿದ್ದರೆ ಚೆನ್ನಾಗಿತ್ತೆಂದು ನನಗೆ ತೋರುತ್ತದೆ. ಈ ಬಾಧೆಯುಳ್ಳವರಿಗೆ ಹುಚ್ಚಿಲ್ಲ, ಅವರ ದುಃಖವೆಲ್ಲವೂ ತಾವು ಮಾಡುತ್ತಿರುವುದನ್ನು ಚೆನ್ನಾಗಿ ತಿಳಿದಿರುವುದರಿಂದಲೇ ಉಂಟಾದುದು. 1898ರಲ್ಲಿ ಬ್ರಾಕ್ ಎಂಬ ಮತ್ತೊಬ್ಬ ಫ್ರೆಂಚ್ ವೈದ್ಯನು ಮುಖದ ಮೊಡವೆಗಳನ್ನು ಚಿವುಟಿ ಗಾಯ ಮಾಡಿಕೊಳ್ಳುವ ತರುಣಿಯರನ್ನು ಕುರಿತು ಬರೆದನು. ಗಮನಿಸತಕ್ಕ ಸಂಗತಿಯೆಂದರೆ, ಇವರು ಚರ್ಮವೈದ್ಯರು. ರೋಗಿಗಳು ಮನೋವೈದ್ಯರಲ್ಲಿಗೆ ಹೋಗಲೇ ಇಲ್ಲ. ಅಮೆರಿಕದ ಮನೋವೈದ್ಯ ಸಂಘದ ರೋಗಪಟ್ಟಿಯಲ್ಲಿ ಕೂದಲು ಕೀಳುವಿಕೆಗೆ ಸ್ಥಾನ ದೊರೆತದ್ದು 1987ರಲ್ಲಿ. ಚರ್ಮ ಚಿವುಟುವಿಕೆಗೆ ದೊರೆತದ್ದು 2013ರಲ್ಲಿ. ಜಗತ್ತಿನ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಗೆ ತಂದ ಹನ್ನೊಂದನೆಯ ವರ್ಗೀಕರಣದಲ್ಲಿ ಇವೆರಡನ್ನೂ 'ದೇಹಕೇಂದ್ರಿತ ಪುನರಾವರ್ತಿತ ವರ್ತನೆಗಳು' ಎಂಬ ಒಂದೇ ತಲೆಬರಹದ ಕೆಳಗೆ ಇರಿಸಲಾಗಿದೆ. ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಕೂದಲು ಕೀಳುವ ಬಾಧೆಯಿರುವುದೆಂದು ಅಂದಾಜು. ಬಹುಮಟ್ಟಿಗೆ ಅದು ಮೊದಲಾಗುವುದು ಹತ್ತರಿಂದ ಹದಿಮೂರು ವಯಸ್ಸಿನೊಳಗೆ, ಅಂದರೆ ಮಾಧ್ಯಮಿಕ ಶಾಲೆಯ ಬೆಂಚಿನ ಮೇಲೆ.

ಕೂದಲು ಕೀಳುವ ಕ್ರಿಯೆ ತಾನಾಗಿಯೇ ರೋಗವಲ್ಲವೆಂಬುದಕ್ಕೆ ನಮ್ಮ ಪ್ರಾಂತದಲ್ಲೇ ದೃಷ್ಟಾಂತವಿದೆ. ದಿಗಂಬರ ಜೈನ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಕೇಶಲೋಚವೂ ಒಂದು. ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ತಮ್ಮ ತಲೆಯ ಮತ್ತು ಗಡ್ಡದ ಕೂದಲನ್ನು ಅವರು ಕೈಯಿಂದಲೇ ಕಿತ್ತುಕೊಳ್ಳುವರು. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯ ಬಳಿಯ ಜನರಿಗೆ ಈ ವ್ರತ ಅಪರಿಚಿತವಲ್ಲ. ಮುನಿಯು ಕೀಳುವುದು ದೇಹಮೋಹವನ್ನು ಗೆಲ್ಲುವುದಕ್ಕಾಗಿ, ಸಂಕಲ್ಪಪೂರ್ವಕವಾಗಿ, ಎಲ್ಲರ ಎದುರಿಗೆ. ಹದಿಮೂರರ ಬಾಲಿಕೆ ಕೀಳುವುದು ಪುಸ್ತಕದ ಮರೆಯಲ್ಲಿ. ಮನಶ್ಶಾಸ್ತ್ರಜ್ಞರು ಈ ಎರಡನೆಯ ಬಗೆಯಲ್ಲಿಯೂ ಒಳಭೇದವನ್ನು ಕಂಡಿದ್ದಾರೆ: ಓದುತ್ತಲೋ ಮಲಗಿಯೋ ಇರುವಾಗ ತಿಳಿಯದೆಯೇ ಕೈ ತಲೆಗೆ ಹೋಗುವುದು ಒಂದು, ಒಳಗಿನ ಉದ್ವೇಗವನ್ನು ಇಳಿಸಿಕೊಳ್ಳುವುದಕ್ಕಾಗಿ ತಿಳಿದೂ ಕೀಳುವುದು ಮತ್ತೊಂದು. ಒಬ್ಬರಲ್ಲಿಯೇ ಎರಡೂ ಇರುವುದು ಸಾಮಾನ್ಯ.

ಚಿಕಿತ್ಸೆಯ ಇತಿಹಾಸದಲ್ಲಿ ತಿರುವು ಬಂದದ್ದು 1973ರಲ್ಲಿ. ಅಜ್ರಿನ್ ಮತ್ತು ನನ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ಹನ್ನೆರಡು ಜನರ ಮೇಲೆ ಪ್ರಯೋಗಿಸಿದ ವಿಧಾನವೊಂದನ್ನು ಆ ವರ್ಷ ಪ್ರಕಟಿಸಿದರು. ಅದನ್ನು ಅಭ್ಯಾಸಪರಿವರ್ತನ ವಿಧಾನವೆಂದು ಕರೆಯೋಣ. ಅದರ ಸಾರ ಬಹು ಸರಳ. ಕೈ ಯಾವಾಗ, ಎಲ್ಲಿ, ಹೇಗೆ ಏಳುತ್ತದೆಂಬುದನ್ನು ರೋಗಿಯು ಮೊದಲು ಗುರುತಿಸಿಕೊಳ್ಳಬೇಕು. ಎದ್ದೊಡನೆ, ಆ ಚಾಪಲ್ಯದೊಡನೆ ಏಕಕಾಲದಲ್ಲಿ ನಡೆಯಲಾರದ ಬೇರೊಂದು ಕೆಲಸದಲ್ಲಿ ಅದೇ ಕೈಯನ್ನು ಸುಮಾರು 3 ನಿಮಿಷ ತೊಡಗಿಸಬೇಕು. ಮನೆಯವರು ಗದರದೆ ನೆರವಾಗಬೇಕು. 'ಬೇಡ' ಎಂಬ ನಿಷೇಧದ ಜಾಗದಲ್ಲಿ 'ಇದನ್ನು ಮಾಡು' ಎಂಬ ವಿಧಿ ಹೀಗೆ ಬಂದಿತು. ಈ ಬಾಧೆಗಳಿಗೆ ಇಂದಿಗೂ ಹೆಚ್ಚು ಆಧಾರವುಳ್ಳ ಚಿಕಿತ್ಸೆಯೆಂದರೆ ಇದೂ ಇದರಿಂದ ಬೆಳೆದ ವಿಧಾನಗಳೂ ಆಗಿವೆ. ಚಿತ್ರ ಬರೆಯುವುದಕ್ಕೆ ಸ್ಥಾನವಿರುವುದು ಈ ವಿಧಾನದ ಒಳಗೆ, ಅದರ ಎರಡನೆಯ ಅಂಗವಾಗಿ. ಅದೊಂದೇ ಸ್ವತಂತ್ರವಾದ ಔಷಧವೆಂದು ಭಾವಿಸತಕ್ಕದ್ದಲ್ಲ.

ಈಗ ರಂಗವಲ್ಲಿ ಇಡುವ ಕೈಯನ್ನು ನೋಡಬೇಕು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚಿಟಿಕೆ ಪುಡಿ ಹಿಡಿದು, ಅದು ಸಮನಾಗಿ ಉದುರುವಂತೆ ಬೆರಳುಗಳನ್ನು ಮೆಲ್ಲನೆ ಉಜ್ಜುತ್ತ ಕೈಯನ್ನು ಸಾಗಿಸಬೇಕು. ಕೂದಲು ಹಿಡಿದು ಕೀಳುವುದೂ ಚರ್ಮ ಚಿವುಟುವುದೂ ಬಹುಮಟ್ಟಿಗೆ ಇದೇ ಎರಡು ಬೆರಳುಗಳ ಇದೇ ಚಿಟಿಕೆಯಿಂದ. ಒಂದು ನಡೆಯುತ್ತಿರುವಾಗ ಅದೇ ಕೈಗೆ ಇನ್ನೊಂದು ಸಾಧ್ಯವಿಲ್ಲ. ಗಿಡ್ಡ ಪೆನ್ಸಿಲಿಗಾಗಲಿ ಬಳಪಕ್ಕಾಗಲಿ ಈ ಮಾತು ಸಲ್ಲುವುದಾದರೂ ಪುಡಿಗೆ ಸಲ್ಲುವಷ್ಟು ಪೂರ್ಣವಾಗಿ ಸಲ್ಲದು. ಪೆನ್ಸಿಲು ಹಿಡಿದೇ ಮತ್ತೊಂದು ಕೈಯ ಉಗುರು ಕಚ್ಚುವವರನ್ನು ಪರೀಕ್ಷಾ ಕೊಠಡಿಯಲ್ಲಿ ನಾವೆಲ್ಲರೂ ಕಂಡಿದ್ದೇವೆ.

ಪುಡಿಯಿಂದ ಬರೆಯುವ ಚಿತ್ರಕ್ಕೆ ಕನ್ನಡನಾಡಿನಲ್ಲಿ ದೀರ್ಘವಾದ ಇತಿಹಾಸವುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಪ್ರಭೇದಗಳನ್ನು ಎಣಿಸುವಾಗ ಧೂಳೀಚಿತ್ರವೂ ಬರುತ್ತದೆ. ಅಭಿಲಷಿತಾರ್ಥಚಿಂತಾಮಣಿಯೆಂಬ ಮತ್ತೊಂದು ಹೆಸರುಳ್ಳ ಈ ಗ್ರಂಥದ ಮೊದಲ ಭಾಗವನ್ನು ಆರ್. ಶಾಮಾಶಾಸ್ತ್ರಿಗಳು 1926ರಲ್ಲಿ ಮೈಸೂರಿನಿಂದಲೇ ಪ್ರಕಟಪಡಿಸಿದರು. ರಂಗವಲ್ಲಿಯ ಉಲ್ಲೇಖಗಳನ್ನು ಕ್ರಮವಾಗಿ ಸಂಗ್ರಹಿಸಿದ ಶ್ರೇಯಸ್ಸು ಪುಣೆಯ ಪಿ. ಕೆ. ಗೋಡೆಯವರದು. ಹೊಸ್ತಿಲ ಚಿತ್ರಗಳನ್ನೂ ಮೈಮೇಲಿನ ಹಚ್ಚೆಯ ವಿನ್ಯಾಸಗಳನ್ನೂ ಹೋಲಿಸಿ ಇಂಗ್ಲೆಂಡಿನ ಲೇಯಾರ್ಡ್ 1937ರಲ್ಲಿ ಬರೆದ ಪ್ರಬಂಧವೂ, ಮದರಾಸಿನ ಗಿಫ್ಟ್ ಸಿರೊಮನಿ ಮತ್ತು ಅವರ ಸಹೋದ್ಯೋಗಿಗಳು 1974ರಲ್ಲಿ ಕೋಲಗಳನ್ನು ಗಣಿತದ ವ್ಯಾಕರಣಕ್ಕೆ ಒಳಪಡಿಸಿದ ಪ್ರಬಂಧವೂ ಪ್ರಸಿದ್ಧವಾಗಿವೆ. ಇವರಲ್ಲಿ ಚಿತ್ರವನ್ನು ಕಂಡವರು ಬಹಳ. ಕೈಯನ್ನು ಕಂಡವರು ಕಡಮೆ.

ಹುಣಸೂರು ಸೀಮೆಯ ಹಳ್ಳಿಗಳಲ್ಲಿ, ಹಳೆಯ ಮೈಸೂರಿನ ಉಳಿದ ಕಡೆಗಳಂತೆಯೇ, ಎಳೆಯ ರಂಗೋಲಿ, ಬಳ್ಳಿಯ ರಂಗೋಲಿ, ಚುಕ್ಕಿಯ ರಂಗೋಲಿ ಎಲ್ಲವೂ ಉಂಟು; ಮದುವೆಯಲ್ಲಿ ಹಸೆ ಬರೆಯುವುದುಂಟು; ಧನುರ್ಮಾಸದಲ್ಲಿ ಅಂಗಳ ತುಂಬುವುದುಂಟು. ನಮ್ಮ ವಿಚಾರಕ್ಕೆ ಮುಖ್ಯವಾದುದು ಚುಕ್ಕಿಯದು. ಹದಿನೈದು ಚುಕ್ಕಿಯಿಂದ ಎಂಟರವರೆಗೆ ಎಂಬ ರೂಢಿಯ ಲೆಕ್ಕವನ್ನು ತೆಗೆದುಕೊಳ್ಳೋಣ. ನಡುವಣ ಸಾಲಿನಲ್ಲಿ 15, ಅದರ ಎರಡು ಮಗ್ಗುಲಿಗೂ ಸಾಲಿಗೊಂದರಂತೆ ಕಡಮೆಯಾಗುತ್ತ 14, 13 ಎಂದು 8ಕ್ಕೆ ಇಳಿದರೆ ಒಟ್ಟು ಚುಕ್ಕಿಗಳು 169. ಮೊದಲ ಗೆರೆ ಬೀಳುವುದಕ್ಕೆ ಮುನ್ನ ನೂರ ಅರವತ್ತೊಂಬತ್ತು ಸಲ ಬೆರಳು ಕೂಡಿ ಬಿಡಬೇಕು. ಪ್ರತಿ ಸಲವೂ ಕಣ್ಣು ಹಿಂದಿನ ಎರಡು ಚುಕ್ಕಿಗಳ ನಡುವೆ ಅಳೆಯಬೇಕು. ಎಣಿಕೆ ತಪ್ಪಿದರೆ ಚಿತ್ರ ಕೂಡುವುದಿಲ್ಲ. ಪುನರಾವರ್ತನೆಯೇನೋ ಇಲ್ಲಿಯೂ ಇದೆ. ಉಗುರು ಕಚ್ಚುವವನ ಪುನರಾವರ್ತನೆಯಾದರೋ ಅವನಿಗೆ ಎಣಿಕೆಗೇ ಸಿಗುವುದಿಲ್ಲ.

ಕೈಗೆ ಕೆಲಸ ಕೊಡುವುದು ಚಿಕಿತ್ಸೆಯೆಂಬ ಭಾವನೆ ನಮ್ಮ ಸಂಸ್ಥಾನಕ್ಕೆ ಬಂದದ್ದು ಬೇರೆ ದಾರಿಯಿಂದ. 1847ರಲ್ಲಿ ಮೊದಲಾದ ಬೆಂಗಳೂರಿನ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದು, 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ ನೆಲೆಯಾಗಿ, 1974ರಲ್ಲಿ ನಿಮ್ಹಾನ್ಸ್ ಆಯಿತು. ಅದರ ಮುಖ್ಯಸ್ಥರಾಗಿದ್ದ ಡಾ. ಎಂ. ವಿ. ಗೋವಿಂದಸ್ವಾಮಿಯವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಆಡಾಲ್ಫ್ ಮೇಯರನ ಬಳಿ ಶಿಕ್ಷಣ ಪಡೆದವರು. ಕಸುಬಿನಿಂದ ಚಿಕಿತ್ಸೆ ಎಂಬುದಕ್ಕೆ ತಾತ್ತ್ವಿಕ ಅಡಿಪಾಯ ಹಾಕಿದ ಪ್ರಬಂಧವನ್ನು 1922ರಲ್ಲಿ ಪ್ರಕಟಿಸಿದವನು ಈ ಮೇಯರನೇ. ಚಿತ್ರಚಿಕಿತ್ಸೆಯೆಂಬ ಹೆಸರನ್ನು ಆಂಗ್ಲ ಚಿತ್ರಕಾರ ಏಡ್ರಿಯನ್ ಹಿಲ್ ಬಳಕೆಗೆ ತಂದದ್ದು 1942ರಲ್ಲಿ. ಕ್ಷಯರೋಗಿಯಾಗಿ ಆರೋಗ್ಯಧಾಮದಲ್ಲಿ ಮಲಗಿದ್ದಾಗ ತಾನು ಬರೆದುಕೊಂಡ ಚಿತ್ರಗಳಿಂದ ಅವನಿಗೆ ಈ ವಿಚಾರ ಹೊಳೆಯಿತು.

ಮೈಸೂರಿನವರಿಗೆ ಇನ್ನೂ ಹತ್ತಿರವಾದ ಒಂದು ಸಂಗತಿಯಿದೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗನು ತನ್ನ ಮೊದಲ ಮಂಡಲಚಿತ್ರವನ್ನು 1916ರಲ್ಲಿ ಬರೆದನು. 1918-19ರಲ್ಲಿ ಸೈನ್ಯಸೇವೆಯಲ್ಲಿದ್ದಾಗ ಪ್ರತಿದಿನ ಬೆಳಗ್ಗೆ ಪುಟ್ಟದೊಂದು ವೃತ್ತಚಿತ್ರವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆಯುವುದು ಅವನ ನಿಯಮವಾಗಿತ್ತು. ಅಂದಂದಿನ ಮನಃಸ್ಥಿತಿ ಅದರಲ್ಲಿ ಕಾಣುವುದೆಂದು ಅವನ ನಂಬಿಕೆ. ಈ ಯೂಂಗನು 1937ರ ಕೊನೆಗೆ ಭಾರತಕ್ಕೆ ಬಂದು, ಮೈಸೂರಿನಲ್ಲಿ ಕೆಲವು ಕಾಲ ವಿ. ಸುಬ್ರಹ್ಮಣ್ಯ ಅಯ್ಯರ್ ಅವರ ಅತಿಥಿಯಾಗಿದ್ದನು. ಅಯ್ಯರ್ ಅವರು ನಮ್ಮ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದವರು, ನಾಲ್ವಡಿ ಕೃಷ್ಣರಾಜ ಒಡೆಯರಿಗೆ ವೇದಾಂತಗುರು. ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೊದಲುಮಾಡಿದ ಮನಶ್ಶಾಸ್ತ್ರ ವಿಭಾಗಕ್ಕೆ ಆಗ ಹದಿಮೂರು-ಹದಿನಾಲ್ಕು ವರ್ಷ. ಯೂಂಗನು ಸಂಸ್ಕೃತದಿಂದ ಎರವಲು ಪಡೆದ 'ಮಂಡಲ' ಎಂಬ ಮಾತು ಅವನ ಶಿಷ್ಯಪರಂಪರೆಯ ಮೂಲಕ ಜಗತ್ತಿನ ಚಿತ್ರಚಿಕಿತ್ಸಾಲಯಗಳಿಗೆಲ್ಲ ಹಬ್ಬಿತು. ನಿಜವಾದ ಟಿಬೆಟ್ಟಿನ ಮಂಡಲಗಳು ಮೈಸೂರು ಜಿಲ್ಲೆಗೆ ಬಂದದ್ದು ಅವನು ಹಿಂತಿರುಗಿ ಎರಡು ದಶಕಗಳಿಗೂ ಮೇಲ್ಪಟ್ಟ ಕಾಲವಾದ ಮೇಲೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಟಿಬೆಟ್ಟಿನ ನಿರಾಶ್ರಿತರ ಮೊದಲ ವಸತಿ 1960-61ರಲ್ಲಿ ಸ್ಥಾಪಿತವಾಯಿತು. 1963ರಲ್ಲಿ ನಾಮ್‌ಡ್ರೋಲಿಂಗ್ ವಿಹಾರವೂ 1970ರಲ್ಲಿ ಸೆರಾ ವಿಹಾರವೂ ಅಲ್ಲಿ ತಲೆಯೆತ್ತಿದವು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ 1972ರಲ್ಲಿ ಮತ್ತೊಂದು ವಸತಿಯಾಗಿ, ಲಾಸಾ ನಗರದಲ್ಲಿ ಶತಮಾನಗಳ ಕಾಲ ತಂತ್ರಾಧ್ಯಯನಕ್ಕೆ ಹೆಸರಾಗಿದ್ದ ಗ್ಯುಮೇ ವಿಹಾರವು ಡಾಲ್‌ಹೌಸಿಯ ಮಾರ್ಗವಾಗಿ ಅಲ್ಲಿಗೆ ಬಂದು ನೆಲಸಿತು. ಮರಳಿನ ಮಂಡಲವನ್ನು ರಚಿಸುವುದು ಇಂಥ ವಿಹಾರಗಳ ಶಿಕ್ಷಣದಲ್ಲಿ ಸೇರಿದ ವಿದ್ಯೆ. ಮೊದಲು ದಾರದಿಂದಲೂ ಸೀಮೆಸುಣ್ಣದಿಂದಲೂ ವಿನ್ಯಾಸದ ಗೆರೆಗಳನ್ನು ಹಾಕಿಕೊಳ್ಳುವರು. ಅನಂತರ ಬಣ್ಣದ ಮರಳನ್ನು ತುಂಬಿದ ಸಪುರವಾದ ಲೋಹದ ಕೊಳವೆಯ ಗೀರುಗಳ ಮೇಲೆ ಮತ್ತೊಂದು ಲೋಹದ ಕಡ್ಡಿಯನ್ನು ಉಜ್ಜುವರು. ಅದರ ನಡುಕದಿಂದ ಮರಳು ಎಳೆಎಳೆಯಾಗಿ ಇಳಿಯುತ್ತದೆ. ನಡುವಿನಿಂದ ಅಂಚಿನ ಕಡೆಗೆ, ದಿನಗಟ್ಟಲೆ, ಹಲವು ಭಿಕ್ಷುಗಳು ಬಗ್ಗಿ ಕುಳಿತು ಮಾಡುವ ಕೆಲಸ. ಮುಗಿದ ಮೇಲೆ ಅದನ್ನು ಗುಡಿಸಿ ಹರಿಯುವ ನೀರಿಗೆ ಬಿಡುವರು.

ರಂಗವಲ್ಲಿಗೂ ಇದಕ್ಕೂ ವಂಶಸಂಬಂಧವನ್ನು ಕಲ್ಪಿಸುವುದು ನನ್ನ ಇಷ್ಟವಲ್ಲ. ಸಾಮ್ಯವಿರುವುದು ಕೆಲಸದ ರೀತಿಯಲ್ಲಿ. ಎರಡೂ ಅಳಿಸಿಹೋಗುವುದಕ್ಕಾಗಿಯೇ ಬರೆದವು: ಒಂದನ್ನು ಮರುದಿನದ ಪೊರಕೆ, ಮತ್ತೊಂದನ್ನು ಭಿಕ್ಷುವಿನ ಕುಂಚ ಅಳಿಸುತ್ತದೆ. ಈ ಬಾಧೆಯುಳ್ಳವರಲ್ಲಿ ಹಲವರು ಏರುಪೇರನ್ನು ಸಹಿಸಲಾರದೆ, ಮಿಕ್ಕವುಗಳಂತಿಲ್ಲದ ಒಂದು ಕೂದಲನ್ನು, ಸಮವಾಗಿಲ್ಲದ ಉಗುರಿನ ಒಂದು ಅಂಚನ್ನು ಹುಡುಕಿ ತೆಗೆಯುವವರು. ಉಳಿಯದ ಚಿತ್ರದಲ್ಲಿ ಗೆರೆ ಸೊಟ್ಟಗಾದರೆ ನಷ್ಟವಿಲ್ಲ. ಇನ್ನೊಂದು ಮಾತು. ಬಾಗಿಲ ಚಿತ್ರವು ಹೆಂಗಸರದು, ವಿಹಾರದ್ದು ಬಹುಕಾಲದಿಂದ ಗಂಡಸರದು. ಆದಕಾರಣ ಕೂತು ಗೆರೆ ಎಳೆಯುವುದು ಹೆಣ್ಣುಮಕ್ಕಳ ಕೆಲಸವೆಂದು ಗಂಡುಹುಡುಗರು ಹಿಂಜರಿಯುವುದಕ್ಕೆ, ಈ ಸೀಮೆಯಲ್ಲಂತೂ, ಆಧಾರವಿಲ್ಲ.

ಇಷ್ಟರಿಂದ ನಮ್ಮ ಪೂರ್ವಿಕರು ಈ ವ್ಯಾಧಿಗೆ ರಂಗವಲ್ಲಿಯನ್ನು ಔಷಧವಾಗಿ ಕಂಡುಹಿಡಿದಿದ್ದರೆಂದು ಹೇಳಿಬಿಡುವುದು ಸುಲಭ, ಆದರೆ ಅದು ಇತಿಹಾಸವಲ್ಲ. ಅವರು ಬರೆದದ್ದು ಶ್ರೀಗಾಗಿ, ಸೊಗಸಿಗಾಗಿ. ಭಿಕ್ಷುಗಳು ಬರೆಯುವುದು ಧ್ಯಾನಾಂಗವಾಗಿ. ಉದ್ದೇಶ ಬೇರೆ, ಫಲ ಬೇರೆ. ಹಾಗೆಯೇ ವೃತ್ತಾಕಾರದಲ್ಲಿ ಯಾವುದೋ ರಹಸ್ಯಶಕ್ತಿಯಿದೆಯೆಂಬ ಮಾತೂ ಪರೀಕ್ಷೆಗೆ ನಿಲ್ಲುವುದಿಲ್ಲ. 2005ರಲ್ಲಿ ಕರ್ರಿ ಮತ್ತು ಕ್ಯಾಸರ್ ಎಂಬುವರು 84 ಮಂದಿ ವಿದ್ಯಾರ್ಥಿಗಳಲ್ಲಿ ಮೊದಲು ಆತಂಕವನ್ನುಂಟುಮಾಡಿ, ಕೆಲವರಿಗೆ ಮಂಡಲವನ್ನೂ ಕೆಲವರಿಗೆ ಚೌಕುಳಿ ವಿನ್ಯಾಸವನ್ನೂ ಕೆಲವರಿಗೆ ಬರಿಯ ಹಾಳೆಯನ್ನೂ ಕೊಟ್ಟು ಬಣ್ಣ ತುಂಬಿಸಿದರು. ಮಂಡಲದವರಲ್ಲಿಯೂ ಚೌಕುಳಿಯವರಲ್ಲಿಯೂ ಆತಂಕ ಒಂದೇ ಪ್ರಮಾಣದಲ್ಲಿ ಇಳಿಯಿತು. ಬರಿಯ ಹಾಳೆಯವರಲ್ಲಿ ಹಾಗಾಗಲಿಲ್ಲ. ಮನಸ್ಸಿಗೆ ಆಧಾರವಾದುದು ಆಕೃತಿಯ ಪಾವಿತ್ರ್ಯವಲ್ಲ, ಮೊದಲೇ ಹಾಕಿಟ್ಟ ಕಟ್ಟು. ಚುಕ್ಕಿಗಳ ಚೌಕಟ್ಟು ಮಾಡುವ ಕೆಲಸವೂ ಅದೇ ಆಗಿದೆ.

ಈ ವಿಚಾರ ಕೇವಲ ಕುತೂಹಲದ್ದಲ್ಲ. ಉಗುರು ಕಚ್ಚಿದರೆ ಮನೆಗೆ ದಾರಿದ್ರ್ಯವೆಂದು ಹೇಳುವ ಹಿರಿಯರು ಇಂದಿಗೂ ಇದ್ದಾರೆ. ಮನುವಿನ ವಾಕ್ಯವನ್ನು ಓದದವರ ಬಾಯಲ್ಲಿಯೂ ಮನುವಿನ ಮಾತಿದೆ. ನೆತ್ತಿಯ ಮೇಲೆ ಬೋಳಾದ ಜಾಗವನ್ನು ಮುಚ್ಚಲು ಬಿಗಿಯಾಗಿ ಜಡೆ ಹೆಣೆಯುವ ಹುಡುಗಿಯನ್ನು ಗದರಿದರೆ ಅವಳು ಕೀಳುವುದನ್ನು ಬಿಡುವುದಿಲ್ಲ, ಕಾಣುವಂತೆ ಕೀಳುವುದನ್ನು ಬಿಡುತ್ತಾಳೆ. ದೇವರಿಗೆ ಮುಡಿ ಕೊಡಿಸಿದರೆ ಕೂದಲು ಮತ್ತೆ ಬೆಳೆಯುವವರೆಗೆ ಮಾತ್ರ ಬಿಡುವು. ಕಿತ್ತ ಕೂದಲನ್ನು ನುಂಗುವ ಅಭ್ಯಾಸ ಸೇರಿಕೊಂಡರಂತೂ ಅದು ಹೊಟ್ಟೆಯಲ್ಲಿ ಉಂಡೆಕಟ್ಟಿ ಶಸ್ತ್ರಚಿಕಿತ್ಸೆಯೇ ಬೇಕಾಗುವುದು. ಅಂಥ ಉಂಡೆಯು ಕರುಳಿನವರೆಗೂ ಬಾಲದಂತೆ ಇಳಿದಿರುವ ಸ್ಥಿತಿಗೆ ವೈದ್ಯರು 1968ರಲ್ಲಿ ಜರ್ಮನ್ ಕಥೆಯ ನೀಳಕೇಶದ ಹುಡುಗಿ ರಪುಂಜೆಲಳ ಹೆಸರಿಟ್ಟಿದ್ದಾರೆ. ಹೊಟ್ಟೆನೋವು, ವಾಂತಿ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅಲ್ಲಿ ಚಿತ್ರದ ಮಾತಿಲ್ಲ.

ಕೈಗೆ ಯಾವ ಕೆಲಸವಾದರೂ ಆದೀತೆಂದು ಕೆಲವರು ವಾದಿಸಬಹುದು. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಸುಗ್ಗಿಯಲ್ಲಿ ಹೆಂಗಸರು ಹಸಿಯೆಲೆಗಳನ್ನು ಕಡ್ಡಿಗೆ ಕಟ್ಟುತ್ತ ದಿನವೆಲ್ಲ ಕೂರುವರು. ಅದರಲ್ಲಿಯೂ ಬೆರಳಿಗೆ ಬಿಡುವಿಲ್ಲ. ಆದರೆ ಅದು ಕೂಲಿಯ ಕೆಲಸ, ಅದರ ವೇಗವನ್ನು ಗೊತ್ತುಮಾಡುವವರು ಬೇರೆಯವರು. ಬಲವಂತವಾಗಿ ಹೇರಿದ ರಂಗೋಲಿಯೂ ಅಷ್ಟೆ. ಸೊಸೆಯ ಪಾಲಿಗೆ ಅದು ಬರಿಯ ದಿನಗೆಲಸವಾಗಿರುವ ಮನೆಗಳು ಇಲ್ಲದಿಲ್ಲ. ಗೆರೆಯು ಬರೆಯುವವರದ್ದೇ ಆಗಿರಬೇಕು.

ಅಧ್ಯಾಪಕರು ಪ್ರಯೋಗಿಸಿ ನೋಡಬಹುದಾದ ಕ್ರಮ ಇಷ್ಟೆ. ತಿಳಿಯದೆ ಕೈ ಏಳುವುದು ಹೆಚ್ಚಾಗಿ ಓದುವ ಹೊತ್ತಿನಲ್ಲಿ; ಆದ್ದರಿಂದ ಓದುವ ಮೇಜಿನ ಮೇಲೆ ಚುಕ್ಕಿಯಿಟ್ಟ ಸ್ಲೇಟೊಂದು, ಬಳಪವೊಂದು ಸದಾ ಇರಲಿ. ಕೈ ಎದ್ದದ್ದು ಗೊತ್ತಾದೊಡನೆ ಪುಸ್ತಕವನ್ನು ಮಗುಚಿಟ್ಟು, ಎರಡನೆಯ ಕೈಯಿಂದ ಸ್ಲೇಟನ್ನು ಹಿಡಿದು, 3 ನಿಮಿಷ ನಿಧಾನವಾಗಿ ಎಳೆ ಸುತ್ತಲಿ. ಕಣ್ಣು ಗೆರೆಯ ಮುಂದಿನ ತುದಿಯಲ್ಲಿರಲಿ. ಏಳು ಚುಕ್ಕಿಯಿಂದ ನಾಲ್ಕರ ಚಿತ್ರಕ್ಕೆ 37 ಚುಕ್ಕಿ. ಸ್ಲೇಟಿಗೆ ಅಷ್ಟು ಸಾಕು. ಬರೆದದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ, ಅಂಕವೂ ಬೇಡ. ತಿಂಗಳುಗಟ್ಟಲೆ ಬಾಧೆ ನಿಂತಿದ್ದರೆ ಮನೋವೈದ್ಯರ ಸಲಹೆ ಅವಶ್ಯ. ಈ ನಾಲ್ಕು ತಾಲ್ಲೂಕುಗಳವರಿಗೆ ಮೈಸೂರು ದೂರವಲ್ಲ.

ಇನ್ನು ಸಂಶೋಧನೆಯ ಮಾತು. ಈ ಸೀಮೆಯ ಅನೇಕ ಮನೆಗಳಲ್ಲಿ ರಂಗೋಲಿಯ ಕೈಬರಹದ ಪುಸ್ತಕಗಳಿವೆ: ಶಾಲೆಯ ನೋಟುಬುಕ್ಕಿನ ಉಳಿದ ಹಾಳೆಗಳಲ್ಲಿ ಪೆನ್ಸಿಲಿನಿಂದ ಚುಕ್ಕಿಯಿಟ್ಟು, ಮೂಲೆಯಲ್ಲಿ 15-8 ಎಂದೋ 7-4 ಎಂದೋ ಲೆಕ್ಕ ಬರೆದು, ತಾಯಿಯಿಂದ ಮಗಳಿಗೆ ಬಂದವು. ಒಂದೇ ಚಿತ್ರವನ್ನು ಹತ್ತು ಸಲ ಬರೆದು, ಎಳೆ ತಪ್ಪಿದಲ್ಲಿ ಉಜ್ಜಿ ಮತ್ತೆ ಬರೆದ ಪುಟಗಳು ಅವುಗಳಲ್ಲಿವೆ. ಅಚ್ಚಾದ ರಂಗೋಲಿ ಪುಸ್ತಕಗಳಲ್ಲಿ ಕಾಣುವುದು ಮುಗಿದ ಚಿತ್ರ ಮಾತ್ರ. ಕೈ ನಡೆದ ದಾರಿಯನ್ನು ಉಳಿಸಿಕೊಂಡಿರುವುದು ಈ ನೋಟುಬುಕ್ಕುಗಳು. ಹುಣಸೂರು, ಕೃಷ್ಣರಾಜನಗರ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಿಂದಲೇ ಇವುಗಳನ್ನು ಎರವಲು ತಂದು, ಬರೆದವರ ಅನುಮತಿಯೊಡನೆ ಪ್ರತಿ ಮಾಡಿಕೊಂಡು, ಊರು ಮತ್ತು ಸುಮಾರು ಕಾಲವನ್ನು ಗುರುತಿಸಿಟ್ಟರೆ, ಒಂದೇ ಬೇಸಗೆಯ ರಜೆಯಲ್ಲಿ ನಾಲ್ಕು ತಾಲ್ಲೂಕುಗಳ ಸಂಗ್ರಹವೊಂದು ಸಿದ್ಧವಾಗುವುದು.